ಉಮದಿ ಸಂತೆಯ ಕರಿ ಕೋಟು

ಹೊಸ ಬಟ್ಟೆ ಕೈಗೆ ಬಂದಾಗ ನೀವು ಮೊದಲು ಅದರ ಬಣ್ಣ ನೋಡುತ್ತೀರೇನೋ, ಆಮೇಲೆ ಅಂಚು, ಆಮೇಲೆ ಸೆರಗು. ನಾನು ಮೊದಲು ಅದನ್ನು ತಿರುವಿ ಒಳಮೈ ನೋಡುತ್ತೇನೆ. ಅಂಗಡಿಯವರು ಹುಬ್ಬು ಗಂಟಿಕ್ಕುತ್ತಾರೆ, ಮನೆಯ ಸೊಸೆಯಂದಿರು ಸೆರಗಿನ ಮರೆಯಲ್ಲಿ ನಗುತ್ತಾರೆ. ಈ ರೂಢಿ ನನಗೆ ಅವ್ವನಿಂದ ಬಂತು. ಅವ್ವನಿಗೆ ಎಲ್ಲಿಂದ ಬಂತೆಂದು ನೀವು ಕೇಳಿದರೆ ನಿಮ್ಮನ್ನು ಉಮದಿಯ ಸಂತೆಯವರೆಗೂ ಕರೆದೊಯ್ಯಬೇಕಾಗುತ್ತದೆ.

ಅರವತ್ತರ ದಶಕದ ನಡುವಿನ ಮಾತು. ಜತ್ತ ತಾಲೂಕಿನ ಮೂಡಲ ಅಂಚಿನಲ್ಲಿ, ಉಮದಿಗೆ ಎರಡು ಹರದಾರಿ ದೂರದಲ್ಲಿ ನಮ್ಮೂರು. ಅಪ್ಪ ಜೋಳ, ಶೇಂಗಾಗಳ ಸಣ್ಣ ವ್ಯಾಪಾರ ಮಾಡುತ್ತಿದ್ದ. ನಾನು ಮರಾಠಿ ಸಾಲೆಗೆ ಹೋಗುತ್ತಿದ್ದ ಹನ್ನೊಂದು ವರ್ಷದ ಹುಡುಗಿ. ಬಯಲುಸೀಮೆಯ ಮಾಗಿಯ ಚಳಿಗೆ ತಡೆಯೆಂಬುದಿಲ್ಲ. ಮುಂಜಾನೆ ಸಾಲೆ ಮುಟ್ಟುವಷ್ಟರಲ್ಲಿ ನನ್ನ ಬೆರಳುಗಳು ಪಾಟಿಯ ಮೇಲೆ ಬರೆಯಲಾರದಷ್ಟು ಸೆಟೆದುಕೊಂಡಿರುತ್ತಿದ್ದವು. ಒಂದು ಸಂತೆಯ ದಿನ ಅವ್ವ ನನ್ನ ಕೈ ಹಿಡಿದು, ಹಣ್ಣು-ಕಾಯಿಪಲ್ಯೆಯ ಸಾಲುಗಳನ್ನೆಲ್ಲ ದಾಟಿ, ದನದ ಪೇಟೆಗೆ ಸ್ವಲ್ಪ ಈಚೆಗಿದ್ದ ಬೇವಿನ ಮರದ ಕೆಳಗೆ ಹೋಗಿ ನಿಂತಳು. ಅಲ್ಲಿ ಮೌಲಾಸಾಬ ಎಂಬ ವ್ಯಾಪಾರಿ ತಾಡಪತ್ರಿಯ ಮೇಲೆ ಹಳೆಯ ಅರಿವೆಗಳ ಗುಡ್ಡೆ ಹಾಕಿಕೊಂಡು ಕೂಡುತ್ತಿದ್ದ. ಹಡಗಿನಲ್ಲಿ ಮುಂಬೈಗೆ ಬಂದ ಗಂಟುಗಳು ಸೊಲ್ಲಾಪುರದ ಮೇಲೆ ಹಾಯ್ದು ಅವನ ಕೈ ಸೇರುತ್ತಿದ್ದವಂತೆ.

ಆ ಗುಡ್ಡೆಯನ್ನು ನಾನು ಹೇಗೆ ಬಣ್ಣಿಸಲಿ? ನಮ್ಮೂರಿನ ಹೆಂಗಸರು ಕನಸಿನಲ್ಲೂ ಉಡದ ಗೌನುಗಳು, ಯಾವ ಹಣ್ಣನ್ನೂ ಹೋಲದ ಬಣ್ಣದ ಗುಂಡಿಗಳು, ಆನೆಯ ಕಿವಿಯಷ್ಟು ಅಗಲದ ಕೊರಳಪಟ್ಟಿಗಳು, ಒಂದೇ ಒಂದು ಕೈಗವಸು. ಕರ್ಪೂರಕ್ಕೂ ಮಳೆಯಲ್ಲಿ ನೆನೆದ ಕಟ್ಟಿಗೆಗೂ ನಡುವಿನ ಒಂದು ವಾಸನೆ. ಭೂಗೋಳದ ಪುಸ್ತಕದಲ್ಲಿ ನೀಲಿ ಬಣ್ಣ ತುಂಬಿ ತೋರಿಸಿದ ಸಮುದ್ರಗಳನ್ನು ದಾಟಿ, ಯಾರದೋ ಹೆಗಲು, ಯಾರದೋ ಮೊಣಕೈ, ಯಾರದೋ ಸೊಂಟದ ಸುತ್ತಳತೆ ನಮ್ಮ ಸಂತೆಯ ಧೂಳಿನಲ್ಲಿ ಬಂದು ಬಿದ್ದಿತ್ತು. ನಾನು ಬಾಯಿ ತೆರೆದುಕೊಂಡು ನಿಂತೆ. ಅವ್ವ ಗುಡ್ಡೆಯಲ್ಲಿ ಮೊಣಕೈವರೆಗೆ ಕೈಯಿಳಿಸಿ ಒಂದು ನೀಲಿ ಉಣ್ಣೆಯ ಕೋಟನ್ನು ಎಳೆದು ತೆಗೆದಳು. ಅದು ನನ್ನ ಅಳತೆಯದೇ.

ಮನೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಅದನ್ನು ಹೊಸ್ತಿಲು ದಾಟಗೊಡಲಿಲ್ಲ. ಇಂಥ ಬಟ್ಟೆಗಳೆಲ್ಲ ಹೆಣದ ಮೈಮೇಲಿನವೆಂದು ಊರಲ್ಲಿ ಮಾತಿತ್ತು.

"ಸತ್ತವರ ಅರಿವಿ ತಂದು ಕೂಸಿನ ಮೈಗೆ ಹಾಕತಿ ಏನ?" ಎಂದಳು ಆಯಿ.

"ಇದ್ದವರ ಚಳಿ ಬಿಟ್ಟರ ಸಾಕರಿ, ಅತ್ತಿ," ಎಂದು ಅವ್ವ ಅಂಗಳದಲ್ಲೇ ಬುಟ್ಟಿ ಇಳಿಸಿ, ಕೋಟನ್ನು ಅಂಟವಾಳದ ನೊರೆಯಲ್ಲಿ ಮೂರು ಸಲ ತೊಳೆದಳು.

ಒಣಗಿದ ಮೇಲೆ ತಿರುವಿ ನೋಡುವಾಗ ಅವ್ವನ ಕೈ ನಿಂತಿತು. ಬಲ ಮೊಣಕೈಯಲ್ಲಿ ಬಟ್ಟೆ ಒಮ್ಮೆ ಪೂರ್ತಿ ಸವೆದು ತೂತಾಗಿತ್ತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಒಳಗೆ ಮಾತ್ರ ಬೆರಳಿಗೆ ಹತ್ತುವ ಸಣ್ಣ ಒರಟು. ಯಾರೋ ಒಬ್ಬಳು ಎಳೆಯ ಮೇಲೊಂದು ಎಳೆ, ಕೆಳಗೊಂದು ಎಳೆ ಹಾಯಿಸಿ, ಸೂಜಿಯಿಂದಲೇ ಆ ತೂತಿನಲ್ಲಿ ಬಟ್ಟೆ ನೇಯ್ದಿದ್ದಳು. ಅದೇ ಬಣ್ಣದ ದಾರ ಅವಳಿಗೆ ಎಲ್ಲಿ ಸಿಕ್ಕಿತೆಂದು ಅವ್ವನಿಗೆ ಎರಡು ದಿನ ಬಗೆಹರಿಯಲಿಲ್ಲ. ಮೂರನೆಯ ದಿನ ಕೋಟಿನ ಕೆಳಮಡಿಕೆ ಬಿಚ್ಚಿದಳು. ಮಡಿಕೆಯ ಒಳಗಿನಿಂದ ಕೆಲವು ಎಳೆಗಳನ್ನು ಜೋಪಾನವಾಗಿ ಹಿರಿದು ತೆಗೆದ ಗುರುತಿತ್ತು.

"ಕಾಣದ ಕಡಿಂದ ತಗದು ಕಾಣೂ ಕಡೆ ತುಂಬ್ಯಾಳ ನೋಡ," ಎಂದಳು ಅವ್ವ, ದನಿ ತಗ್ಗಿಸಿ.

ನನ್ನ ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಆ ಚಳಿಗಾಲವೆಲ್ಲ, ಮಧ್ಯಾಹ್ನ ಮನೆಗೆಲಸ ಮುಗಿದ ಮೇಲೆ, ಅವಳು ಆ ಮೊಣಕೈಯನ್ನು ಓದಿದಳು. ಹರಿದ ಚೀಲ, ಅಪ್ಪನ ಹಳೆಯ ಅಂಗಿ ಎಂದು ಸಿಕ್ಕಿದ್ದರ ಮೇಲೆಲ್ಲ ಬರೆದು ಬರೆದು ಕಲಿತಳು. ಹೆಸರಿಲ್ಲದ, ಮುಖವಿಲ್ಲದ, ಭಾಷೆಯೇ ಬೇರೆಯಾದ ಗುರು. ಗೆಳೆಯರೆ, ವಿದ್ಯೆ ಎಂಬುದು ಎಂತೆಂಥ ವಾಹನ ಹತ್ತಿ ಯಾವ ಮನೆಯ ಅಂಗಳಕ್ಕೆ ಇಳಿಯುತ್ತದೆಂದು ಯಾರು ಹೇಳಬಲ್ಲರು?

ಮರುವರ್ಷ ಆ ವಿದ್ಯೆ ಬೇಕಾಗಿ ಬಂತು. ತಪ್ಪು ನನ್ನದು.

ನಮ್ಮ ಓಣಿಯ ಕೊನೆಯಲ್ಲಿ ಬಾಳಪ್ಪ ಮುತ್ಯಾನ, ಅಂದರೆ ಬಾಳಪ್ಪಜ್ಜನ, ಮನೆ. ತಲೆತಲಾಂತರದಿಂದ ಕುರಿ ಕಾಯ್ದ ಮನೆತನ. ಅವರ ಮನೆಯಲ್ಲೊಂದು ಹಿರಿಯರ ಕಂಬಳಿ ಇತ್ತು. ಮುತ್ಯಾನ ಮುತ್ಯಾ ತನ್ನ ಕುರಿಗಳ ಉಣ್ಣೆಯಿಂದ ನೇಯಿಸಿದ್ದು. ಆ ಮನೆಯ ಯಾವ ಹೆಣ್ಣುಮಗಳ ನಿಶ್ಚಯವಾದರೂ ಅದರ ಮೇಲೆ ಕೂರಿಸಿಯೇ ಆಗಬೇಕು. ಮೊಮ್ಮಗಳು ಕಾಶವ್ವನ ನಿಶ್ಚಯಕ್ಕೆ ಹದಿನೈದು ದಿನ ಉಳಿದಿದ್ದಾಗ ಕಂಬಳಿಯನ್ನು ಅಂಗಳದ ಹೊರಸಿನ ಮೇಲೆ ಬಿಸಿಲಿಗೆ ಹರವಿದ್ದರು. ಅವತ್ತು ಮುಂಜಾನೆ ನಮ್ಮ ಒಲೆಗೆ ಕೆಂಡ ತರಲು ನಾನು ಅವರ ಮನೆಗೆ ಹೋದೆ. ಕುಳ್ಳಿನ ಮೇಲೆ ಕೆಂಡ ಇಟ್ಟುಕೊಂಡು ಹೊರಬಂದವಳು ಹೊರಸಿನ ಬಳಿ ನಿಂತು ಕಾಶವ್ವನ ಹೊಸ ಬಳೆಗಳನ್ನು ನೋಡುತ್ತ ಮೈಮರೆತೆ. ಕೈ ವಾಲಿತು. ಕೂದಲು ಸುಟ್ಟ ವಾಸನೆ ಮೂಗಿಗೆ ಹೊಡೆದಾಗಲೇ ನಾನು ಕೆಳಗೆ ನೋಡಿದ್ದು. ಕಂಬಳಿಯ ಸರಿಯಾಗಿ ನಡುವೆ ಅಂಗೈಯಷ್ಟು ತೂತು.

ನಾನು ಓಡಿಬಂದು ಕಾಳಿನ ವಾಡೆಯ ಹಿಂದೆ ಅಡಗಿಕೊಂಡೆ. ಅವ್ವ ನನ್ನ ಕೈ ಮೂಸಿ, ಕೇಳಬೇಕಾದ್ದನ್ನೆಲ್ಲ ಕೇಳಿ, ರಟ್ಟೆ ಹಿಡಿದು ತಿರುಗಿ ಕರೆದೊಯ್ದಳು. ಅಂಗಳದಲ್ಲಿ ಕಾಶವ್ವನ ತಾಯಿ ಅಳುತ್ತ ಕೂತಿದ್ದಳು. ಬೀಗರ ಕಣ್ಣಿಗೆ ಬಿದ್ದರೆ ಅಪಶಕುನವೆಂದು ಸಂಬಂಧವನ್ನೇ ಮುರಿದುಕೊಂಡಾರೆಂಬುದು ಅವಳ ಭಯ. ನಾನು ಮಾಡಿದ್ದನ್ನು ನನ್ನ ಬಾಯಿಂದಲೇ ಹೇಳಿದೆ. ಮುತ್ಯಾ ಬೈಯಲಿಲ್ಲ. ತೂತು ಒಳಗೆ ಮರೆಯಾಗುವಂತೆ ಕಂಬಳಿಯನ್ನು ನಿಧಾನವಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ತಾನು ತುಂಬಿಕೊಡುವೆನೆಂದು ಅವ್ವ ಹೇಳಿದಳು. ಕಂಬಳಿ ಮನೆಯಿಂದ ಹೊರಗೆ ಹೋಗುವಂತಿರಲಿಲ್ಲ. ದಿನಾ ಮಧ್ಯಾಹ್ನ ಅಲ್ಲೇ ಬಂದು ಕೂರುವುದೆಂದಾಯಿತು. ತೊಡಕಾದದ್ದು ಎಳೆ. ಕಂಬಳಿಗೆ ಕೋಟಿನ ಹಾಗೆ ಒಳಮಡಿಕೆ ಇಲ್ಲ, ಅದರಿಂದಲೇ ಎಳೆ ಹಿರಿದರೆ ಅಂಚು ಬಿಚ್ಚಿಕೊಳ್ಳುತ್ತದೆ. ಮುತ್ಯಾನ ಕುರಿಗಳ ಹೊಸ ಉಣ್ಣೆ ಇಟ್ಟು ನೋಡಿದರು. ಹೊಗೆ, ಬಿಸಿಲುಗಳಲ್ಲಿ ಕಂದಿದ ಆ ಹಳೆಯ ಕಪ್ಪಿನ ಪಕ್ಕದಲ್ಲಿ ಅದು ಹಸಿ ಗಾಯದ ಹಾಗೆ ಎದ್ದು ಕಾಣುತ್ತಿತ್ತು. ಹಳೆಯ ಕಪ್ಪಿಗೆ ಹಳೆಯ ಕಪ್ಪೇ ಬೇಕು.

ಮುಂದಿನ ಸಂತೆಗೆ ಅವ್ವ, ನಾನು ಮತ್ತೆ ಬೇವಿನ ಮರದ ಕೆಳಗೆ. ಕಂಬಳಿಯ ಸುಟ್ಟ ಅಂಚಿನಿಂದ ಬಿಡಿಸಿದ ನಾಲ್ಕು ಎಳೆ ಅವ್ವನ ಮುಷ್ಟಿಯಲ್ಲಿದ್ದವು. ಒಂದೊಂದೇ ಕರಿ ಬಟ್ಟೆ ಎತ್ತುವುದು, ಬಿಸಿಲಿಗೆ ಒಯ್ಯುವುದು, ಎಳೆಗಳನ್ನು ಅದರ ಮೇಲಿಡುವುದು, ತಲೆಯಲ್ಲಾಡಿಸಿ ಕೆಳಗಿಡುವುದು. ಕಪ್ಪಿನಲ್ಲಿ ಎಷ್ಟು ಕಪ್ಪುಗಳಿವೆಯೆಂದು ನನಗೆ ತಿಳಿದದ್ದು ಅವತ್ತೇ. ಕಾಡಿಗೆಯ ಕಪ್ಪು, ಎಳ್ಳಿನ ಕಪ್ಪು, ನೀಲಿಯನ್ನು ಒಳಗೆ ಬಚ್ಚಿಟ್ಟುಕೊಂಡ ಕಪ್ಪು, ಹಸಿರಿಗೆ ತಿರುಗುತ್ತಿರುವ ಕಪ್ಪು. ಮೌಲಾಸಾಬ ಬಹಳ ಹೊತ್ತು ನೋಡಿದ.

"ಅಕ್ಕಾರ, ಇವೆಲ್ಲಾ ಕರೀವ ಅಲ್ಲೇನ್ರಿ?"

"ಬಿಸಲ ಉಂಡ ಕರೀದು ಬೇಕಾಗೇತ್ರಿ ನನಗ," ಎಂದಳು ಅವ್ವ, ನಡೆದದ್ದನ್ನೆಲ್ಲ ಅವನಿಗೆ ಹೇಳಿ.

ಅವನು ಎದ್ದು, ಇನ್ನೂ ಬಿಚ್ಚದಿದ್ದ ಒಂದು ಗಂಟಿನ ಹಗ್ಗ ಕೊಯ್ದು, ಒಳಗಿನದನ್ನೆಲ್ಲ ಅವ್ವನ ಮುಂದೆ ಸುರಿದ. ಅದರಲ್ಲಿತ್ತು ಆ ಗಂಡಸರ ಕೋಟು: ಮೊಣಕಾಲಿಗಿಂತ ಕೆಳಗೆ ಇಳಿಯುವಷ್ಟು ಉದ್ದ, ದಪ್ಪ, ಒರಟು. ಎದೆಯಲ್ಲಿ, ತೋಳಿನಲ್ಲಿ ಬಣ್ಣ ಕೂಡಲಿಲ್ಲ. ಅವ್ವ ಬೆನ್ನಿಗೆ ತಿರುಗಿಸಿ ಎಳೆಗಳನ್ನು ಹೆಗಲ ಮೇಲಿಟ್ಟಳು. ಎಳೆಗಳು ಕಾಣಿಸದೇ ಹೋದವು. ಆ ಹೆಗಲು ಎಷ್ಟು ವರ್ಷ ಬಯಲಲ್ಲಿ ನಿಂತಿತ್ತೋ, ಯಾವ ಕೆಲಸಕ್ಕೆ ಬಗ್ಗಿತ್ತೋ. ನಮ್ಮ ಓಣಿಯ ಅಂಗಳದಲ್ಲಿ ಕಂಬಳಿಯನ್ನು ಕಂದಿಸಿದ ಬಿಸಿಲೇ, ನಾವು ಎಂದೂ ಕಾಣದ ನೆಲದಲ್ಲಿ ಆ ಹೆಗಲನ್ನೂ ಕಂದಿಸಿತ್ತು.

ಎಳೆ ಎಲ್ಲಿಯದೆಂದು ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಯಿಯೂ, ಬಾಯಿ ಬಿಡಬೇಡವೆಂದೇ ಅವ್ವನಿಗೆ ಹೇಳಿದ್ದಳು. ಹೆಣದ ಬಟ್ಟೆಯ ಎಳೆ ಎಂದರೆ ಯಾರು ಒಪ್ಪಿಯಾರು? ಅವ್ವ ಮರುದಿನ ಕೋಟನ್ನು ಮುತ್ಯಾನ ಮುಂದೆಯೇ ಹರವಿದಳು.

"ಕಾಕಾರ, ಇದು ಸಂತ್ಯಾಗಿನ ಹಳೆ ಕೋಟು. ಯಾರು ತೊಟ್ಟಿದ್ರೋ, ಅವರು ಇದ್ದಾರೋ ಇಲ್ಲೋ, ನನಗ ಗೊತ್ತಿಲ್ಲ. ನೀವು ಬ್ಯಾಡ ಅಂದ್ರ ಇಲ್ಲಿಗೇ ಬಿಡತೀನಿ."

ಮುತ್ಯಾ ಕೋಟಿನ ಹೆಗಲಿನಿಂದ ಒಂದು ಎಳೆ ಎಳೆದುಕೊಂಡ. ಹುರಿ ಬಿಚ್ಚಿ, ನಾರನ್ನು ಬೆರಳುಗಳ ನಡುವೆ ಹೊಸೆದ, ಮೂಗಿಗೆ ಹಿಡಿದ, ತುಟಿಯಲ್ಲಿ ತೇವ ಮಾಡಿ ಮತ್ತೆ ಎಳೆದು ನೋಡಿದ. ಎಪ್ಪತ್ತು ವರ್ಷ ಕುರಿಗಳ ಮೈಯಲ್ಲೇ ಓಡಾಡಿದ ಬೆರಳುಗಳವು. ಕಣ್ಣು ಮುಚ್ಚಿಕೊಂಡು ಅವನು ಅಂದ:

"ಭಾಳ ಮಳಿ ಕಂಡ ಕುರಿ ಇದು. ಹುಲ್ಲಿಗೆ ಎಂದೂ ಕಮ್ಮಿ ಇದ್ದಿಲ್ಲ ಇದಕ್ಕ." ಕಣ್ಣು ತೆರೆದು, "ಚಲೋ ಕಾಯ್ದಾನ," ಎಂದ.

"ಯಾರ್ರಿ?" ಎಂದಳು ಅವ್ವ.

"ಇದರ ಕುರುಬ." ಎಳೆಯನ್ನು ಅವ್ವನ ಕೈಗಿಟ್ಟ. "ಹೊಲಿಯವ್ವಾ."

ನಾವೆಲ್ಲ ಆ ಕೋಟಿನಲ್ಲಿ ಅದನ್ನು ತೊಟ್ಟವನನ್ನೇ ಹುಡುಕಿದ್ದೆವು, ಅವನ ಬದುಕನ್ನೋ ಸಾವನ್ನೋ. ಅದಕ್ಕೂ ಹಿಂದೆ ಒಂದು ಕುರಿ ಇತ್ತು, ಕುರಿಯ ಹಿಂದೆ ಮಳೆಯಲ್ಲಿ ತೋಯುತ್ತ ನಿಂತವನೊಬ್ಬನಿದ್ದ ಎಂಬುದು, ಆ ಅಂಗಳದಲ್ಲಿ ಮುತ್ಯಾ ಒಬ್ಬನಿಗೇ ಕಂಡಿತು.

ಎಂಟು ಮಧ್ಯಾಹ್ನ ಅವ್ವ ಹೊಲಿದಳು. ಕೋಟಿನ ಎಳೆ ಸಣ್ಣದಾದ್ದರಿಂದ ಮೂರು ಮೂರನ್ನು ತೊಡೆಯ ಮೇಲೆ ಹೊಸೆದು ಒಂದು ಮಾಡಿಕೊಡುವ ಕೆಲಸ ನನಗೆ ಬಂತು. ತೊಡೆ ಕೆಂಪಾಗಿ ಉರಿಯುತ್ತಿತ್ತು, ನಾನು ಹೇಳಲಿಲ್ಲ. ಉದ್ದುದ್ದ ಎಳೆ ಕಟ್ಟಿ, ಅಡ್ಡ ಎಳೆಯನ್ನು ಒಮ್ಮೆ ಮೇಲೆ ಒಮ್ಮೆ ಕೆಳಗೆ ಹಾಯಿಸುತ್ತ, ಸಾಲು ಸಾಲಾಗಿ ಅವಳು ತೂತನ್ನು ಮುಚ್ಚುತ್ತ ಬಂದಳು. ಕೊನೆಯ ದಿನ ಕಾಶವ್ವನ ತಾಯಿ ಕಂಬಳಿಯನ್ನು ಬೆಳಕಿಗೆ ಹಿಡಿದು ನೋಡಿ, ಒಳಗೆ ಹೋಗಿ, ಅವ್ವನಿಗೆ ಒಂದು ವಾಟಗಾ ತುಂಬ ಹಾಲು ತಂದುಕೊಟ್ಟಳು.

ನಿಶ್ಚಯದ ದಿನ ಸಂಖ ಊರಿನ ಕಡೆಯಿಂದ ಬೀಗರು ಬಂದರು. ನಡುಮನೆಯಲ್ಲಿ ಕಂಬಳಿ ಹಾಸಿ, ಮೇಲೆ ಭಂಡಾರ ಹಾರಿಸಿದರು. ಅರಿಸಿನದ ಹುಡಿ ಕಪ್ಪಿನ ಮೇಲೆ ಹೊಳೆಯುತ್ತಿತ್ತು. ಹುಡುಗಿಯನ್ನು ಕೂರಿಸುವ ಮೊದಲು ಮನೆಯ ಹಿರಿಯ ತಮ್ಮ ಪೂರ್ವಿಕರ ಹೆಸರು ಹೇಳುವುದು ಅವರ ಪದ್ಧತಿ. ಬಾಳಪ್ಪ ಮುತ್ಯಾ ಮೊಣಕಾಲೂರಿ, ಕಂಬಳಿಯ ಮೇಲೆ ಅಂಗೈ ಇಟ್ಟು ಹೇಳತೊಡಗಿದ: ಇಂಥವನು, ಇಂಥ ಹಳ್ಳದ ದಂಡೆಗೆ ಕುರಿ ಕಾಯ್ದವನು, ಇಂಥವನು, ಇಂಥ ಗುಡ್ಡದ ಮಗ್ಗುಲಲ್ಲಿ ಕಾಯ್ದವನು. ಪ್ರತಿ ಹೆಸರಿಗೂ ಎಲ್ಲರೂ ಕೈ ಜೋಡಿಸುತ್ತ ಏಳು ಹೆಸರು ಮುಗಿದವು. ಎಲ್ಲರೂ ಏಳಲಿಕ್ಕೆ ಅನುವಾದರು. ಮುತ್ಯಾ ಅಂಗೈ ತೆಗೆಯಲಿಲ್ಲ.

"ಮತ್ತ ಇನ್ನೊಬ್ಬಾಂವ ಅದಾನ," ಎಂದ. "ಹೆಸರು ನನಗ ತಿಳೀದು. ಮಳಿ ಭಾಳ ಇರೂ ನಾಡಾಗ ಕಾಯ್ದಾಂವ."

ಹೆಂಗಸರ ಸಾಲಿನ ಹಿಂದೆ, ಗೋಡೆಗೆ ಒತ್ತಿಕೊಂಡು ನಿಂತಿದ್ದ ಅವ್ವ ತುದಿಗಾಲಲ್ಲಿ ನಿಂತು ಮುತ್ಯಾನ ಅಂಗೈಯ ಕಡೆ ನೋಡಿದಳು. ಬೀಗರ ಪೈಕಿ ಒಬ್ಬ ವಯಸ್ಸಾದವನು ಮುಂದೆ ಬಾಗಿ, ಆ ಎಂಟನೆಯವರು ಯಾವ ಕಡೆಯವರೆಂದು ವಿಚಾರಿಸಿದ.

"ಕಡಲಾಚೆ ಕಡಿಯವರ್ರಿ," ಎಂದ ಮುತ್ಯಾ.

ಆ ಮುದುಕ ರುಮಾಲು ಸರಿಮಾಡಿಕೊಂಡು, ಉಳಿದ ಏಳು ಮಂದಿಗೆ ಮುಗಿದಂತೆಯೇ, ಎರಡೂ ಕೈ ಜೋಡಿಸಿ ಮುಗಿದ. ಕಾಶವ್ವ ಸೆರಗು ಹೊದ್ದು ಬಂದು ಕಂಬಳಿಯ ನಡುವೆ ಕುಳಿತಳು.