ಆಯಿಲ್ ಫಿಲ್ಟರಿನ ಮೂರನೇ ಬೋಲ್ಟ್

ಬೈಕಿನ ಆಯಿಲ್ ಫಿಲ್ಟರಿನ ಮುಚ್ಚಳವನ್ನು ಎಷ್ಟು ಬಿಗಿಯಬೇಕು ಎಂದು ಯಾರಾದರೂ ಕೇಳಿದರೆ ನಾನು ಕೈಯಲ್ಲಿರುವ ಕೆಲಸ ಬಿಟ್ಟು ಹೇಳಲು ಕೂರುತ್ತೇನೆ. ಕೇಳದವರಿಗೂ ಹೇಳಿದ್ದೇನೆ. ಬೋಲ್ಟನ್ನು ಮೊದಲು ಬೆರಳಿನಲ್ಲೇ ತಿರುಗಿಸಿ, ಅದು ತಾನಾಗಿ ನಿಲ್ಲುವವರೆಗೆ. ಆಮೇಲೆ ಸ್ಪ್ಯಾನರನ್ನು ತುದಿಯಲ್ಲಿ ಹಿಡಿಯಬೇಡಿ. ಬೋಲ್ಟಿನ ಹತ್ತಿರವೇ ಎರಡು ಬೆರಳಿನಲ್ಲಿ ಹಿಡಿದು ಕಾಲು ಸುತ್ತು. ಅಲ್ಲಿಗೆ ಕೈ ತೆಗೆಯಿರಿ. ಎಣ್ಣೆಯನ್ನು ತಡೆಯುವುದು ಒಳಗಿರುವ ರಬ್ಬರ್ ರಿಂಗು. ಆ ರಿಂಗಿನ ವಿಷಯದಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಚೌಕಾಸಿ ಮಾಡಿಯೇ ಬದುಕಿದವನು ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆ. ಹಳ್ಳಿಯಿಂದ ಬಂದು ಚಾಮರಾಜಪೇಟೆಯ ಒಂದು ವಠಾರದಲ್ಲಿ ಅಕ್ಕನ ಮನೆ ಸೇರಿ ನನಗೆ ವರ್ಷವಾಗಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಹಳೆಯ ಸೀರೆಯ ಪರದೆ. ಅಡುಗೆಮನೆಯಲ್ಲಿ ಮಲಗುವ ನಾನು ಮಗ್ಗುಲು ಬದಲಿಸಿದರೆ ಆಚೆ ಭಾವನಿಗೆ ಎಚ್ಚರವಾಗುತ್ತಿತ್ತು. ಭಾವ ಹೈಸ್ಕೂಲು ಮೇಷ್ಟ್ರು. ಬೈಯುವವರಲ್ಲ, ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಅವರ ವಿದ್ಯಾರ್ಥಿಯೊಬ್ಬನ ತಂದೆಗೆ ಜೆ.ಸಿ. ರಸ್ತೆಯಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿಯಿತ್ತು. ವಿಜಯದಶಮಿಯ ದಿನ ನನ್ನನ್ನು ಅಲ್ಲಿ ಕೆಲಸಕ್ಕೆ ಸೇರಿಸುವುದೆಂದು ಮಾತಾಗಿತ್ತು. ಭಾವ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿದರೆ ಕೆಲಸ. ಇಲ್ಲವಾದರೆ ಹಬ್ಬ ಮುಗಿಸಿ ಊರಿನ ಬಸ್ಸು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಪರದೆಯ ಆಚೆ ಭಾವ ಅಕ್ಕನಿಗೆ ಹೇಳಿದ್ದು ಕೇಳಿಸಿತ್ತು.

ಆಯುಧಪೂಜೆಯ ಹಿಂದಿನ ದಿನ ಭಾವ ತಮ್ಮ ಬೈಕು ತೋರಿಸಿ, “ಗಾಡಿ ಮೆಕ್ಯಾನಿಕ್ ಹತ್ರ ಬಿಟ್ಟು ಆಯಿಲ್ ಬದಲಾಯಿಸ್ಕೊಂಡು ಬಾ” ಅಂದರು. ನಾನು ಬುದ್ಧಿವಂತ. “ಅವನಿಗ್ಯಾಕೆ ಭಾವ, ನಾನೇ ಮಾಡ್ತೀನಿ” ಅಂದೆ. ಕೆಲಸ ಗೊತ್ತಿರುವವನು ಎಂದು ಅವರಿಗೆ ಅನ್ನಿಸಬೇಕಿತ್ತು.

ಫಿಲ್ಟರ್ ಕೊಳ್ಳುವಾಗ ಹತ್ತಿರದ ಅಂಗಡಿಯವನ ಜೊತೆ ಅರ್ಧ ಗಂಟೆ ಜಗ್ಗಾಡಿದೆ. ಕೊನೆಗೆ ಅವನು, “ರಿಂಗ್ ಸಮೇತ ಅಂದ್ರೆ ಇದೇ ರೇಟು. ಕಮ್ಮಿ ಬೇಕಾ? ರಿಂಗ್ ತೆಗೆದ್ಬಿಡ್ತೀನಿ, ಹಳೇದೇ ಹಾಕ್ಕೊಳ್ಳಿ” ಅಂದ. ಗೆದ್ದೆ ಅಂದುಕೊಂಡು ಒಪ್ಪಿದೆ.

ವಠಾರದ ಓಣಿಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತೆ. ಫಿಲ್ಟರಿನ ಮುಚ್ಚಳ ಪೂರಿಯಷ್ಟು ಅಗಲ, ಅದಕ್ಕೆ ಮೂರು ಬೋಲ್ಟು. ಹಳೆಯ ರಿಂಗು ಚಪ್ಪಟೆಯಾಗಿತ್ತು. ಹಾಗೇ ಕೂರಿಸಿ ಮುಚ್ಚಿದೆ. ಎಣ್ಣೆ ತುಂಬಿಸಿ ಸ್ಟಾರ್ಟ್ ಮಾಡಿದರೆ ಮುಚ್ಚಳದ ಕೆಳಗೆ ಒಂದು ಹನಿ ಕಟ್ಟಿತು. ಇನ್ನಷ್ಟು ಬಿಗಿದೆ. ಮತ್ತೆ ಹನಿ. ನೋಡುತ್ತ ನಿಂತಿದ್ದ ಎದುರುಮನೆಯ ಅಜ್ಜಿ, “ಸಾಕು ಬಿಡಯ್ಯಾ, ಅದರ ಪ್ರಾಣ ತೆಗೀತೀಯಾ?” ಅಂದರು. ನಾನು ಕೇಳಲಿಲ್ಲ. ನಲ್ಲಿ ಪೈಪಿನ ಒಂದು ತುಂಡನ್ನು ಸ್ಪ್ಯಾನರಿನ ಹಿಡಿಗೆ ತೂರಿಸಿ, ಇಡೀ ಮೈಭಾರ ಬಿಟ್ಟು ಎಳೆದೆ. ಎರಡು ಬೋಲ್ಟು ಹೇಗೋ ತಡೆದವು. ಮೂರನೆಯದು ಬಿಗಿಯಾಗುತ್ತಾ ಆಗುತ್ತಾ ಬಂದು, ಇದ್ದಕ್ಕಿದ್ದಂತೆ ಹಗುರಾಯಿತು. ಎಷ್ಟು ತಿರುಗಿಸಿದರೂ ತಿರುಗುತ್ತಿತ್ತು. ಇಂಜಿನ್ನಿನ ಮೈ ಅಲ್ಯೂಮಿನಿಯಂ. ಬೋಲ್ಟನ್ನು ಹಿಡಿಯುವ ಒಳಗಿನ ಥ್ರೆಡ್ಡು ಪುಡಿಯಾಗಿತ್ತು.

ಅಷ್ಟರಲ್ಲಿ ಅಕ್ಕ ಬಂದಳು. “ಮುಗೀತೇನೋ? ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲಾ ಕೊಡು, ತೊಳ್ದು ಪೂಜೆಗೆ ಇಡ್ಬೇಕು.”

“ಮುಗೀತು” ಅಂದುಬಿಟ್ಟೆ.

ಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿ ಆಗುವವರೆಗೆ ಮುಟ್ಟುವಂತಿಲ್ಲ. ಈಳಿಗೆಮಣೆಯೂ ದೇವರ ಮುಂದೆ ಕೂರುವುದರಿಂದ ಅಕ್ಕ ಹಬ್ಬದ ಅಡುಗೆಯ ತರಕಾರಿಯನ್ನೂ ಮೊದಲೇ ಹೆಚ್ಚಿಟ್ಟುಕೊಂಡಿದ್ದಳು. ಬೆಳಿಗ್ಗೆ ನೋಡಿದರೆ ನನ್ನ ಸ್ಪ್ಯಾನರುಗಳು ಈಳಿಗೆಮಣೆಯ ಪಕ್ಕದಲ್ಲಿ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಹೂವು ಮುಡಿದು ಸಾಲಾಗಿ ಮಲಗಿದ್ದವು.

ಭಾವ ಗಾಡಿಗೆ ಹಾರ ಹಾಕಿ, ಆರತಿ ಎತ್ತಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. “ಹೂಂ, ಸ್ಟಾರ್ಟ್ ಮಾಡು” ಅಂದರು. ಸ್ಟಾರ್ಟ್ ಮಾಡಿದರೆ ಎಣ್ಣೆಯೆಲ್ಲ ರಂಗೋಲಿಯ ಮೇಲೆ.

“ಹೊಸ ಆಯಿಲ್ ಭಾವ. ಒಂದಿನ ಹಾಗೇ ಕೂತ್ಕೋಬೇಕು. ಇವತ್ತು ತಳ್ಳಿಕೊಂಡೇ ನಿಂಬೆಹಣ್ಣು ದಾಟಿಸೋಣ” ಅಂದೆ.

ಎದುರುಮನೆಯ ಅಜ್ಜಿ ನಕ್ಕರು. “ಎಣ್ಣೆನೂ ಹಬ್ಬಕ್ಕೆ ರಜಾ ಹಾಕಿದ್ಯಂತೆ ಮೇಷ್ಟ್ರೇ!”

ಭಾವ ನಗಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿ ಹ್ಯಾಂಡಲ್ ಹಿಡಿದರು. ನಿಂಬೆಹಣ್ಣು ಪಚಕ್ ಅಂದವು. “ನಾಳೆ ಹತ್ತು ಗಂಟೆಗೆ ಜೆ.ಸಿ. ರಸ್ತೆಗೆ ಹೊರಡೋಣ. ಗಾಡೀಲೇ ಹೋಗೋಣ” ಅಂದರು.

ಅಂಗಡಿಗೆ ಹೋಗಿಬರುತ್ತೇನೆಂದು ಹೇಳಿ ಹೊರಗೆ ಓಡಿದೆ. ಚಾಮರಾಜಪೇಟೆಯಲ್ಲಿ ಮೆಕ್ಯಾನಿಕ್‌ಗಳಿಗೇನು ಬರವೇ? ಆದರೆ ಹೋದಲ್ಲೆಲ್ಲ ಬಾಳೆಕಂದು, ಮಾವಿನ ತೋರಣ, ಮೈಕಿನಲ್ಲಿ ಹಾಡು. ಮೊದಲನೆಯವನು ನನ್ನ ಮಾತು ಮುಗಿಯುವ ಮೊದಲೇ ಕೈಗೆ ಕಡಲೆಪುರಿ ಸುರಿದ. “ಇವತ್ತು ಸ್ಪ್ಯಾನರ್ ಮುಟ್ಟಲ್ಲ ಗುರು. ನಾಳೆ ಮಧ್ಯಾಹ್ನ ಬಾ.” ಎರಡನೆಯವನ ಹತ್ತಿರ ಎರಡು ಪಟ್ಟು ಕೊಡುತ್ತೇನೆ ಅಂದೆ. ನನ್ನ ಬಾಯಲ್ಲಿ ಅಂಥ ಮಾತು ಬಂದದ್ದು ಅದೇ ಮೊದಲು. ಅವನೂ ಕಡಲೆಪುರಿಯನ್ನೇ ಕೊಟ್ಟ. ಎರಡು ಜೇಬಿನ ತುಂಬ ಪುರಿ ತುಂಬಿಕೊಂಡು, ಯಾವ ದಾರಿಯೂ ಕಾಣದೆ ವಾಪಸು ಬಂದೆ.

ಮಧ್ಯಾಹ್ನ ಒಬ್ಬಟ್ಟಿನ ಊಟ ಮುಗಿದು ಭಾವ ಮಲಗಿದರು. ನಾನು ಅಡುಗೆಮನೆಯ ಮೂಲೆಯ ದೇವರ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಬೋಲ್ಟಿಗೆ ನೂಲು ಸುತ್ತಿ, ಸೋಪು ಮೆತ್ತಿ ಮತ್ತೆ ತಿರುಗಿಸಿದರೆ ಒಂದು ದಿನದ ಮಟ್ಟಿಗೆ ನಿಂತೀತು ಎಂಬ ಆಸೆ. ಸ್ಪ್ಯಾನರಿಗೆ ಕೈ ಹಾಕಿದೆ.

“ಕೈ ತೆಗಿ.” ಅಕ್ಕ ಬೆನ್ನ ಹಿಂದೆ ನಿಂತಿದ್ದಳು.

ಪಿಸುಮಾತಿನಲ್ಲೇ ಎಲ್ಲವನ್ನೂ ಹೇಳಿದೆ. ಪಕ್ಕದಲ್ಲೇ ಪರದೆ, ಅದರ ಆಚೆ ಭಾವ. ಆ ಮನೆಯಲ್ಲಿ ಗುಟ್ಟು ಹೇಳುವುದಕ್ಕೂ ಜಾಗವಿರಲಿಲ್ಲ.

“ನೀನೇ ಹೇಳಕ್ಕಾ ಭಾವನಿಗೆ. ನಿನ್ನ ಮಾತು ಕೇಳ್ತಾರೆ.”

“ವರ್ಷದಿಂದ ನಿನ್ನ ಪರವಾಗಿ ನಾನೇ ಹೇಳ್ಕೊಂಡು ಬಂದಿದೀನಿ ಕಣೋ. ರಾತ್ರಿ ಲೇಟಾಗಿ ಬಂದ್ರೆ ನಾನು ಹೇಳ್ಬೇಕು, ಸೋಪು ಖಾಲಿಯಾದ್ರೆ ನಾನು ಹೇಳ್ಬೇಕು. ಇನ್ನು ಮಾತು ಉಳಿದಿಲ್ಲ ನನ್ನ ಹತ್ರ.” ಅವಳ ಕಣ್ಣು ತುಂಬಿತ್ತು. ನಾನು ಒಬ್ಬನೇ ಸಿಕ್ಕಿಬಿದ್ದಿದ್ದೇನೆ ಅಂದುಕೊಂಡಿದ್ದೆ. ಗಂಡನಿಗೂ ತಮ್ಮನಿಗೂ ನಡುವೆ ಅವಳು ವರ್ಷದಿಂದ ಹಾಗೇ ನಿಂತಿದ್ದಳು.

ಭಾವ ಎದ್ದು ಕಾಫಿ ಕುಡಿಯುವಾಗ ಹೇಳಿದೆ. ರಿಂಗು, ಪೈಪು, ಬೋಲ್ಟು, ಯಾವುದನ್ನೂ ಬಿಡಲಿಲ್ಲ. ಅವರು ಲೋಟ ಕೆಳಗಿಟ್ಟರು.

“ಯಾವಾಗ ಗೊತ್ತಾಯ್ತು ನಿನಗೆ?”

“ನಿನ್ನೆ ಸಾಯಂಕಾಲಾನೇ.”

“ಅಂದ್ರೆ ನಾನು ಆರತಿ ಎತ್ತೋವಾಗ ಗೊತ್ತಿತ್ತು.”

“ಹೂಂ ಭಾವ.”

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಆ ಸಂಜೆ ನಾನು ನನ್ನ ಬಟ್ಟೆಗಳನ್ನು ಮಡಿಸಿ ಟ್ರಂಕಿನ ಮೇಲೆ ಇಟ್ಟುಕೊಂಡೆ.

ಬೆಳಿಗ್ಗೆ ಮಂಗಳಾರತಿಯಾದ ಮೇಲೆ ಭಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, “ನಡಿ” ಅಂದರು. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ತಿರುಗುತ್ತಾರೇನೋ ಎಂದು ಪ್ರತಿ ತಿರುವಿನಲ್ಲೂ ನೋಡುತ್ತ ಹಿಂದೆ ನಡೆದೆ. ಜೆ.ಸಿ. ರಸ್ತೆ ಬಂತು.

ಅಂಗಡಿಯ ಯಜಮಾನರು ಹಣೆಗೆ ದೊಡ್ಡ ಕುಂಕುಮವಿಟ್ಟುಕೊಂಡು ಕೂತಿದ್ದರು. “ಬನ್ನಿ ಮೇಷ್ಟ್ರೇ. ಇವನೇನಾ? ಹೇಗೆ, ನಂಬಬಹುದಾ?”

ಭಾವ ತಡವರಿಸದೆ ಹೇಳಿದರು: “ಮೊನ್ನೆ ನನ್ನ ಗಾಡಿ ಬೋಲ್ಟ್ ಕೆಡಿಸಿದ. ಒಂದು ದಿನ ಮುಚ್ಚಿಟ್ಟ. ಆಮೇಲೆ ತಾನೇ ಬಂದು ಹೇಳಿದ. ನನಗೆ ಗೊತ್ತಿರೋದು ಇಷ್ಟು. ಮಿಕ್ಕಿದ್ದು ನೀವು ನೋಡ್ಕೊಳ್ಳಿ.”

ಯಜಮಾನರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಏನು ಬೋಲ್ಟಪ್ಪಾ?”

“ಆಯಿಲ್ ಫಿಲ್ಟರ್ದು. ಪೈಪ್ ಹಾಕಿ ಎಳೆದೆ ಸಾರ್.”

“ಅಯ್ಯೋ ಪುಣ್ಯಾತ್ಮಾ! ಇವನನ್ನ ಸ್ಪ್ಯಾನರ್ ಹತ್ರ ಬಿಡಬಾರದು, ಕೌಂಟರ್‌ನಲ್ಲಿ ನಿಲ್ಲಲಿ.” ಕೌಂಟರಿನ ಹಲಗೆ ಎತ್ತಿ ನನ್ನನ್ನು ಒಳಗೆ ಬಿಟ್ಟುಕೊಂಡು ಮತ್ತೆ ಇಳಿಸಿದರು. ಹಿಂದೆ ಗೋಡೆ, ಮುಂದೆ ಹಲಗೆ, ಎರಡೂ ಕಡೆ ಸೂರಿನವರೆಗೆ ಡಬ್ಬಗಳು. ತೋಳು ಚಾಚಲು ಜಾಗವಿಲ್ಲದ ಆ ಗೂಡಿನಲ್ಲಿ ನಾನು ಮುಂದಿನ ಒಂಬತ್ತು ವರ್ಷ ನಿಂತೆ.

ಭಾವ ಹೊರಟವರು ಹಲಗೆಯ ಆಚೆ ಒಂದು ಕ್ಷಣ ನಿಂತರು.

“ಸಾಯಂಕಾಲ ಬರೋವಾಗ ಹೊಸ ರಿಂಗ್ ತಗೊಂಡ್ ಬಾ. ಚೌಕಾಸಿ ಮಾಡ್ಬೇಡ. ಮೆಕ್ಯಾನಿಕ್ ಹತ್ರ ಗಾಡಿ ತಳ್ಕೊಂಡ್ ಹೋಗ್ಬೇಕು, ನಾನೊಬ್ಬನ ಕೈಲಿ ಆಗಲ್ಲ.”