ಕೆಂಪು ಗೀಟು ಹೊಡೆದ ಹನ್ನೊಂದು ಗಂಟೆ

ಅತ್ತಿಗೆ ತಮ್ಮ ನೋಟುಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಹೊಡೆದುಹಾಕಿದ್ದ ಹನ್ನೊಂದು ಗಂಟೆಗಳನ್ನು ನಾನು ಅವರಿಗೆ ಹೇಳದೆ ಕಂಪ್ಯೂಟರಿಗೆ ಸೇರಿಸಿಬಿಟ್ಟೆ. ತಪ್ಪು ಅಂದರೆ ಇಷ್ಟೇ. ನಾನು ಮಾಡಿದ ಪೆದ್ದುತನಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಫ್ರೀಮಾಂಟಿನಿಂದ ಗಿಲ್‌ರಾಯ್‌ವರೆಗೆ ನಲವತ್ತು ಚಿಲ್ಲರೆ ಮೈಲಿ ಫ್ರೀವೇ ಜಾಮ್ ಆಗುತ್ತದೆ. ಅಮೆರಿಕಕ್ಕೆ ಬಂದ ಮೊದಲ ವಾರವೇ ಸಾರಿಗೆ ಒಗ್ಗರಣೆ ಹಾಕಲು ಹೋಗಿ, ಹೊಗೆಗೆ ಅಲಾರಂ ಹೊಡೆದುಕೊಂಡು, ಇಡೀ ಅಪಾರ್ಟ್‌ಮೆಂಟಿನವರನ್ನು ಪಾರ್ಕಿಂಗ್ ಲಾಟಿಗೆ ಇಳಿಸಿ, ಎರಡು ಫೈರ್ ಎಂಜಿನ್ ಕರೆಸಿದ ಶೂರ ನಾನು. ನಿಜ ಹೇಳಬೇಕೆಂದರೆ ಬಂದದ್ದು ಒಂದೇ. ಕಥೆ ಹೇಳುವಾಗ ಎರಡು ಅನ್ನುತ್ತೇನೆ. ಆ ಕಥೆಯನ್ನು ಎಷ್ಟು ಜನರಿಗೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಇದನ್ನು ಮಾತ್ರ ಕಥೆ ಮಾಡಿ ಯಾರಿಗೂ ಹೇಳಿಲ್ಲ.

ಆಗ ಡಾಟ್‌ಕಾಮ್ ಕಾಲ. ಕೀಬೋರ್ಡಿನ ತಲೆ ಯಾವುದು ಬಾಲ ಯಾವುದು ಎಂದು ಗೊತ್ತಿದ್ದರೆ ಸಾಕು, ಕೆಲಸ ಸಿಗುತ್ತಿತ್ತು. ನನ್ನನ್ನು ಬೆಂಗಳೂರಿನಿಂದ ಕರೆಸಿಕೊಂಡ ಕನ್ಸಲ್ಟಿಂಗ್ ಕಂಪನಿಯವನು ನನ್ನ ರೆಸ್ಯೂಮೆ ನೋಡಿ, "ತುಂಬಾ ಸಪ್ಪೆ ಇದೆ ಗುರು, ಒಗ್ಗರಣೆ ಹಾಕ್ಬೇಕು" ಎಂದ. ಸಂಜೆಯ ಹೊತ್ತಿಗೆ ನನ್ನ ಒಂದೂವರೆ ವರ್ಷದ ಅನುಭವ ಆರು ವರ್ಷವಾಗಿತ್ತು. ಆ ಲೆಕ್ಕದಲ್ಲಿ ನಾನು ಮೀಸೆ ಮೂಡುವ ಮೊದಲೇ ಯಾವುದೋ ಬ್ಯಾಂಕಿಗೆ ಸಾಫ್ಟ್‌ವೇರು ಬರೆದುಕೊಟ್ಟಿದ್ದೆ. ಯಾರೂ ಏನೂ ಕೇಳಲಿಲ್ಲ. ನನ್ನ ಗೆಳೆಯರಲ್ಲಿ ಒಗ್ಗರಣೆ ಹಾಕಿಸಿಕೊಳ್ಳದವನೇ ಇರಲಿಲ್ಲ. ಅದು ಸುಳ್ಳು ಎಂದೂ ನಮಗೆ ಅನ್ನಿಸುತ್ತಿರಲಿಲ್ಲ. ಅರ್ಜಿ ತುಂಬುವುದು ಎಂದರೆ ಹಾಗೆಯೇ ಅಂದುಕೊಂಡಿದ್ದೆವು.

ನಾನಿದ್ದದ್ದು ಫ್ರೀಮಾಂಟಿನಲ್ಲಿ, ಅಣ್ಣನ ಮನೆಯಲ್ಲಿ. ಅತ್ತಿಗೆ ಉಡುಪಿಯ ಕಡೆಯವರು, ಐಸಿಯುನಲ್ಲಿ ನರ್ಸು. ಹತ್ತು ವರ್ಷ ಅದೇ ಕೆಲಸ ಮಾಡಿ, ಅದರ ಮಧ್ಯೆ ಮಾಸ್ಟರ್ಸ್ ಓದಿ, ಈಗ ಅದಕ್ಕೂ ಮೇಲಿನ ಸರ್ಟಿಫಿಕೇಟಿಗೆ ಹೊರಟಿದ್ದರು. ಅದು ಸಿಕ್ಕರೆ ಸಾಯುವ ಸ್ಥಿತಿಯಲ್ಲಿರುವ ರೋಗಿಗೆ ಬೇಕಾದ ಟೆಸ್ಟುಗಳನ್ನು ತಾವೇ ಬರೆದುಕೊಡಬಹುದು, ಔಷಧಿ ಬದಲಿಸಬಹುದು. ಬರೀ ಪರೀಕ್ಷೆ ಪಾಸಾದರೆ ಸಾಲದು. ಹಿರಿಯ ನರ್ಸೊಬ್ಬರು ಪಕ್ಕದಲ್ಲಿ ನಿಂತು ನೋಡುತ್ತಿರುವಾಗ ನೂರಾರು ಗಂಟೆ ರೋಗಿಗಳ ಹಾಸಿಗೆಯ ಬಳಿ ಕೆಲಸ ಮಾಡಿರಬೇಕು, ಒಂದೊಂದು ಗಂಟೆಯನ್ನೂ ಬರೆದಿಡಬೇಕು, ಅದಕ್ಕೆ ಆ ಹಿರಿಯರ ಸಹಿ ಬೇಕು. ಅತ್ತಿಗೆಗೆ ಸಿಕ್ಕಿದ್ದವರು ಫಿಲಿಪೀನ್ಸ್ ಕಡೆಯ ಒಬ್ಬ ಹೆಂಗಸು, ಅರವತ್ತರ ಹತ್ತಿರದವರು. ಅತ್ತಿಗೆ ಅವರನ್ನು ಟೀಚರ್ ಎನ್ನುತ್ತಿದ್ದರು.

ಈ ಸರ್ಟಿಫಿಕೇಟು ಯಾಕೆ ಬೇಕು ಎಂದು ಒಂದು ಭಾನುವಾರ ಊಟಕ್ಕೆ ಕೂತಾಗ ನಾನೇ ಕೇಳಿದ್ದೆ.

"ಮೊನ್ನೆ ಒಬ್ಬರು ಅಜ್ಜ ಹೋದ್ರು," ಎಂದರು ಅತ್ತಿಗೆ. "ಬೆಳಿಗ್ಗೆ ಹತ್ತಕ್ಕೇ ನಂಗೆ ಗೊತ್ತಾಯ್ತು ಮಾರಾಯ. ಉಸಿರು ಸರಿ ಇಲ್ಲ, ಕೈಕಾಲು ತಣ್ಣಗೆ. ಡಾಕ್ಟ್ರ ಪೇಜರಿಗೆ ಮೂರು ಸಲ ಪೇಜ್ ಮಾಡಿದೆ, ಬೇಗ ಬನ್ನಿ ಅಂತ. ಅವರು ಆಪರೇಷನ್ನಿನಲ್ಲಿ. ಟೀಚರೂ ಇರ್ಲಿಲ್ಲ. ಎಂತ ಮಾಡ್ಬೇಕು ಅಂತ ಗೊತ್ತುಂಟು, ಮಾಡ್ಲಿಕ್ಕೆ ನಂಗೆ ಅಧಿಕಾರ ಇಲ್ಲ. ಕೈ ಹಿಡ್ಕೊಂಡು ನಿಂತದ್ದು. ಮೂರು ಗಂಟೆಗೆ ಹೋದ್ರು."

ಜೋಕು ಹೊಡೆಯದೆ ಇರಲಾಗದ ಬಾಯಿ ನನ್ನದು. "ನಮ್ಮಲ್ಲಾದ್ರೆ ರೀಸ್ಟಾರ್ಟ್ ಮಾಡ್ತೀವಿ ಅತ್ತಿಗೆ," ಎಂದೆ. ಅಣ್ಣ ತಟ್ಟೆಯಿಂದ ತಲೆ ಎತ್ತಿ ನನ್ನನ್ನೊಮ್ಮೆ ನೋಡಿದ. ಅತ್ತಿಗೆ ಮಜ್ಜಿಗೆ ಬಡಿಸಿದರು.

ಎರಡು ತಿಂಗಳ ಮೇಲೆ ಅತ್ತಿಗೆ ಆ ನೋಟುಬುಕ್ಕನ್ನು ನನ್ನ ಕೈಗೆ ಕೊಟ್ಟು, "ಇದನ್ನು ಟೈಪ್ ಮಾಡಿ, ಎಷ್ಟು ಗಂಟೆ ಆಯ್ತು ನೋಡಿ ಹೇಳು. ಇನ್ನು ಒಂದು ದಿನದ್ದು ಬಾಕಿ ಇರ್ಬಹುದು," ಎಂದರು. ಅರ್ಜಿ ಹಾಕಲು ಉಳಿದಿದ್ದದ್ದು ನಾಲ್ಕೇ ದಿನ. ತಪ್ಪಿದರೆ ಮುಂದಿನ ಪರೀಕ್ಷೆಯವರೆಗೆ ಕಾಯಬೇಕು.

ಟೈಪ್ ಮಾಡಿದೆ. ಒಂಬತ್ತು ಗಂಟೆ ಕಡಿಮೆ ಬಿತ್ತು. ಆಗ ಆ ಪುಟ ಕಣ್ಣಿಗೆ ಬಿತ್ತು. ತಾರೀಖು, ರೋಗಿಯ ವಿವರ, ಮಾಡಿದ ಕೆಲಸ ಎಲ್ಲ ಅಚ್ಚುಕಟ್ಟಾಗಿ ಬರೆದು, ಹನ್ನೊಂದು ಗಂಟೆ ಎಂದು ಹಾಕಿ, ಮೇಲೆ ಕೆಂಪು ಗೀಟು. ಗೀಟು ಹೊಡೆದದ್ದು ಯಾಕೆ ಎಂದು ಕೇಳಲು ಅತ್ತಿಗೆ ಮನೆಯಲ್ಲಿರಲಿಲ್ಲ. ಕೇಳಬೇಕು ಅಂತಲೂ ನನಗೆ ಅನ್ನಿಸಲಿಲ್ಲ. ದುಡಿದ ಗಂಟೆಯನ್ನು ಯಾರಾದರೂ ಹೊಡೆದುಹಾಕುತ್ತಾರಾ? ಈ ಉಡುಪಿಯವರಿಗೆ ಅರ್ಜಿ ತುಂಬಲು ಬರುವುದಿಲ್ಲ ಎಂದು ನನ್ನಷ್ಟಕ್ಕೆ ನಾನೇ ನಕ್ಕು ಸೇರಿಸಿದೆ. ಉಳಿದ ಪ್ರತಿ ಸಾಲಿನ ಕೊನೆಗೂ ಟೀಚರ ಹೆಸರಿತ್ತು. ಇದರ ಮುಂದೆಯೂ ಹಾಕಿದೆ. ನನ್ನ ಆರು ವರ್ಷದ ಮುಂದೆ ಹನ್ನೊಂದು ಗಂಟೆ ಯಾವ ಲೆಕ್ಕ!

ಕೆಲಸ ಮುಗಿಸಿ ಬಂದ ಅತ್ತಿಗೆ ಕೊನೆಯ ಪುಟದ ಮೊತ್ತ ನೋಡಿದರು.

"ಮುಗೀತಾ? ಒಂದು ದಿನ ಬಾಕಿ ಉಂಟು ಅಂತ ಎಣಿಸಿದ್ದೆ ನಾನು."

"ನೀವು ಬೆರಳಲ್ಲಿ ಎಣಿಸಿದ್ದು ಅತ್ತಿಗೆ. ಇದು ಕಂಪ್ಯೂಟರ್ರು. ತಪ್ಪಲ್ಲ."

ಅವರು ನಕ್ಕರು. ಹನ್ನೆರಡು ಗಂಟೆ ನಿಂತು ಬಂದ ಕಾಲುಗಳನ್ನು ಕುರ್ಚಿಯ ಮೇಲಿಟ್ಟುಕೊಂಡು ಸಹಿ ಹಾಕಿದರು. ಟೀಚರೂ ಮರುದಿನ ಪುಟ ತಿರುಗಿಸದೆ ಸಹಿ ಹಾಕಿದರಂತೆ. "ನೀನು ಬರೆದದ್ದನ್ನು ನಾನು ಯಾಕೆ ಎಣಿಸಬೇಕು?" ಅಂದರಂತೆ. ಅದನ್ನು ಹೇಳುವಾಗ ಅತ್ತಿಗೆಯ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಆಮೇಲೆ ನೋಡಿಲ್ಲ.

ಸರ್ಟಿಫಿಕೇಟು ಕೊಡುವವರು ಬಂದ ಅರ್ಜಿಗಳಲ್ಲಿ ಕೆಲವನ್ನು ಹೆಕ್ಕಿ ತನಿಖೆ ಮಾಡುತ್ತಾರೆ. ಇಷ್ಟು ಅರ್ಜಿಗಳ ಮಧ್ಯೆ ಅತ್ತಿಗೆಯದೇ ಅವರ ಕೈಗೆ ಬಂತು. ಅವರು ಆಸ್ಪತ್ರೆಯ ಹಾಜರಿಯ ಜೊತೆ ತಾರೀಖುಗಳನ್ನು ಹೋಲಿಸಿ ನೋಡಿದರು. ಕೆಂಪು ಗೀಟಿನ ಆ ದಿನ ಟೀಚರ್ ಆಸ್ಪತ್ರೆಯಲ್ಲಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲೇ ಇರಲಿಲ್ಲ. ಮನಿಲಾದಲ್ಲಿ ತಮ್ಮ ತಾಯಿಯನ್ನು ಮಣ್ಣು ಮಾಡುತ್ತಿದ್ದರು.

ಕಾಗದ ಬಂತು. ಅರ್ಜಿ ತಿರಸ್ಕೃತ. ಟೀಚರ ಸಹಿಯಿದ್ದ ಅಷ್ಟೂ ಗಂಟೆಗಳು ಲೆಕ್ಕಕ್ಕಿಲ್ಲ. ಮತ್ತೆ ಅರ್ಜಿ ಹಾಕುವುದಾದರೆ ಬೇರೆಯವರ ಕೈಕೆಳಗೆ ಮೊದಲಿನಿಂದ ಶುರುಮಾಡಬೇಕು. ಆಸ್ಪತ್ರೆಯವರು ಟೀಚರನ್ನು ಕಲಿಸುವ ಕೆಲಸದಿಂದ ತೆಗೆದರು. ಇಪ್ಪತ್ತು ವರ್ಷದಿಂದ ನರ್ಸುಗಳನ್ನು ತಯಾರು ಮಾಡಿದ ಹೆಂಗಸು ನಿವೃತ್ತಿಗೆ ಎರಡು ವರ್ಷ ಇರುವಾಗ, ಓದದೆ ಸಹಿ ಹಾಕುವವಳು ಎನ್ನಿಸಿಕೊಂಡರು. ಉಳಿದ ಹಿರಿಯರು ಅತ್ತಿಗೆಯ ಪಕ್ಕ ನಿಲ್ಲಲು ಹೆದರಿದರು. ಒಬ್ಬರು ಟೈಮಿಲ್ಲ ಎಂದರು, ಇನ್ನೊಬ್ಬರು ಫೋನೇ ಎತ್ತಲಿಲ್ಲ.

ಆ ಶನಿವಾರ ಮಧ್ಯಾಹ್ನ ಅತ್ತಿಗೆ ಅಡುಗೆಮನೆಯ ಟೇಬಲ್ಲಿನ ಮೇಲೆ ಕಾಗದ ಮತ್ತು ನೋಟುಬುಕ್ಕು ಎರಡನ್ನೂ ಇಟ್ಟುಕೊಂಡು ಕೂತಿದ್ದರು. ನಾನು ಎದುರಿಗೆ ಕೂತು ಎಲ್ಲ ಒದರಿದೆ. ಒಂಬತ್ತು ಗಂಟೆ ಕಡಿಮೆ ಬಿದ್ದದ್ದು, ಗೀಟು ಕಂಡದ್ದು, ಸೇರಿಸಿದ್ದು.

"ನಾನೇ ಮಾಡಿದ್ದು ಅಂತ ಅವ್ರಿಗೆ ಬರೀತೀನಿ ಅತ್ತಿಗೆ. ಇವತ್ತೇ ಫ್ಯಾಕ್ಸ್ ಮಾಡ್ತೀನಿ."

"ಬರಿ. ಟೀಚರ್‌ಗೂ ಬರಿ," ಎಂದರು. "ನಂಗೇನೂ ಪ್ರಯೋಜನ ಆಗ್ಲಿಕ್ಕಿಲ್ಲ ಅದ್ರಿಂದ. ಸಹಿ ನಂದು. ಓದದೆ ಹಾಕಿದ್ದೂ ನಾನೇ."

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, "ನೀವು ಅಷ್ಟೆಲ್ಲ ದುಡಿದು ಯಾಕೆ ಹೊಡೆದುಹಾಕಿದ್ರಿ? ನೀವು ಕೆಲ್ಸ ಮಾಡಿದ್ದು ನಿಜ ತಾನೇ?" ಎಂದೆ. ಇಂಥ ಹೊತ್ತಿನಲ್ಲೂ ವಾದಕ್ಕೆ ನಿಂತ ಮಹಾನುಭಾವ ನಾನು.

ಅತ್ತಿಗೆ ನೋಟುಬುಕ್ಕು ತೆರೆದು ಆ ಪುಟವನ್ನು ನನ್ನ ಕಡೆ ತಿರುಗಿಸಿದರು. ರೋಗಿಯ ವಿವರವನ್ನು ನಾನೇ ಟೈಪ್ ಮಾಡಿದ್ದೆ, ಓದಿರಲಿಲ್ಲ. ಗಂಡಸು, ಎಂಬತ್ತೊಂದು ವರ್ಷ. ಹತ್ತು ಗಂಟೆಗೆ ಉಸಿರಾಟದಲ್ಲಿ ಬದಲಾವಣೆ. ಡಾಕ್ಟರಿಗೆ ಮೂರು ಸಲ ಪೇಜ್.

"ಆ ಅಜ್ಜ ಮಾರಾಯ," ಎಂದರು. "ಟೀಚರ್ ಕಲಿಸಿದ ಹಾಗೇ ಎಲ್ಲ ನೋಡಿದೆ, ಅದಕ್ಕೆ ಬರ್ದೆ. ಆದ್ರೆ ಅವತ್ತು ನನ್ನ ಹತ್ರ ಯಾರೂ ಇರ್ಲಿಲ್ಲ. ಒಬ್ರು ಇದ್ದಿದ್ರೆ ಅಜ್ಜ ಉಳೀತಿದ್ರೋ ಏನೋ. ಇರ್ಲಿಲ್ಲ ಅಂತಲೇ ಗೀಟು ಹಾಕಿದ್ದು. ನೀನು ಅಲ್ಲಿ ಒಬ್ರನ್ನು ತಂದು ನಿಲ್ಲಿಸಿದ್ದೀಯಲ್ಲ."