ಹೆಡ್ಡಿನೊಳಗೆ ಮುರಿದ ಬೋಲ್ಟು

ನನ್ನ ಮಾವನವರಿಗೆ ಬೀದಿಯವರು ಇಟ್ಟ ಹೆಸರು ‘ನಿಲ್ಲದ ಗಾಡಿ’. ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಒಂದು ಟ್ರಿಪ್ಪನ್ನೂ ತಪ್ಪಿಸಿದವರಲ್ಲ. ಮದುವೆಯ ದಿನವೂ ಲೋಡ್ ಇಳಿಸಿಯೇ ಬಂದರೆಂದು ಅತ್ತೆ ಈಗಲೂ ಹಂಗಿಸುತ್ತಾರೆ.

ಈಗ ಅದೇ ಹಳೇ ಲಾರಿ ನನ್ನ ಗಂಡನ ಕೈಯಲ್ಲಿದೆ. ಇಂಜಿನ್ನಿನ ಹೊಗೆ ಸೈಲೆನ್ಸರಿಗೆ ಹೋಗುವ ಜಾಗದಲ್ಲಿ ಸಂದು ಬಿಟ್ಟು, ಹೊಗೆಯೆಲ್ಲ ಕ್ಯಾಬಿನ್ನಿಗೆ ನುಗ್ಗುತ್ತಿತ್ತು. ಒಂದು ದಿನ ಇವರು ಮನೆ ಮುಂದೆ ಗಾಡಿ ನಿಲ್ಲಿಸಿದವರು ಇಳಿಯಲೇ ಇಲ್ಲ. ಓಡಿ ಹೋಗಿ ಬಾಗಿಲು ತೆಗೆದರೆ, ಸ್ಟೀರಿಂಗಿಗೆ ಹಣೆ ಇಟ್ಟು ಕೂತಿದ್ದಾರೆ. “ಸೇತುವೆ ಯಾವಾಗ ದಾಟಿದೆ ಅಂತಾನೇ ನೆನಪಿಲ್ಲ ಕಣೇ,” ಎಂದರು.

ಸಂದಿನ ಪ್ಯಾಕಿಂಗ್ ಬದಲಿಸಬೇಕೆಂದರೆ ತುಕ್ಕು ಹಿಡಿದ ಬೋಲ್ಟುಗಳನ್ನು ಬಿಚ್ಚಬೇಕು. ಮರುದಿನ ಬೆಳಿಗ್ಗೆಯೇ ಮಾವ ಕೂತರು. ಕಾಯಿಸುವುದು, ಎಣ್ಣೆ ಬಿಡುವುದು, ಒಂದಿಷ್ಟು ಬಿಗಿದು ಒಂದಿಷ್ಟು ಸಡಿಲಿಸುವುದು.

“ಇದು ಮುನಿಸ್ಕೊಂಡ ಅಳಿಯ ಇದ್ದ ಹಾಗೆ ಕಣಮ್ಮ. ಎಳೆದ್ರೆ ಬರಲ್ಲ, ಉಪಚಾರ ಮಾಡ್ಬೇಕು.”

ನನಗೆ ನಗು ಬರಲಿಲ್ಲ. ಸೊಂಟದ ಮೇಲೆ ಮಗುವನ್ನಿಟ್ಟುಕೊಂಡು “ಎಲ್ಲಾ ಬರುತ್ತಲ್ವಾ ಮಾವ?” ಎಂದು ಕೇಳಿದ್ದೇ ಕೇಳಿದ್ದು.

ಕೊನೆಯದೊಂದು ಉಳಿಯಿತು. ಸಂಜೆ ಲೋಡ್ ಹೊತ್ತು ಹೊರಡಬೇಕಿದ್ದ ಇವರಿಗೆ ತಾಳ್ಮೆ ಕೆಟ್ಟಿತು. “ಸರಿಯಪ್ಪ, ನಿನ್ನ ಅಳಿಯನಿಗೆ ನಾನೇ ಉಪಚಾರ ಮಾಡ್ತೀನಿ,” ಎಂದು ಬೋಲ್ಟು ತಿರುಗಿಸುವ ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಮೈಭಾರ ಹಾಕಿದರು.

ಟಕ್!

ಬೋಲ್ಟಿನ ತಲೆ ಕೈಗೆ ಬಂತು. ಅದರ ಮೈ ಇಂಜಿನ್ನಿನ ಮೇಲ್ಭಾಗದ ಹೆಡ್ಡಿನೊಳಗೇ ಉಳಿಯಿತು.

ವೆಲ್ಡಿಂಗ್ ಅಂಗಡಿಯವನು ಬಂದು ಮುರಿದ ತುಂಡಿಗೆ ನಟ್ಟು ಬೆಸೆದ. ತಿರುಗಿಸಿದರೆ ನಟ್ಟೇ ಕಿತ್ತು ಬಂತು. ಮತ್ತೆ ಬೆಸೆದ, ಈ ಸಲ ತುಂಡು ಇನ್ನೂ ಒಳಕ್ಕೆ ಮುರಿಯಿತು. “ಹೆಡ್ ಇಳಿಸಿ ಲೇತ್ ಅಂಗಡಿಗೇ ಒಯ್ಯಬೇಕು,” ಎಂದು ಹೋಗಿಬಿಟ್ಟ.

“ಲೇತೂ ಬೇಡ, ಏನೂ ಬೇಡ. ಉಳಿದಿರೋ ಬೋಲ್ಟುಗಳನ್ನೇ ಬಿಗಿದು ಹೋಗ್ತೀನಿ,” ಎಂದರು ಇವರು. “ಕಿಟಕಿ ತೆಗೆದಿಟ್ಕೊಂಡ್ರಾಯ್ತು. ಈ ಲೋಡ್ ತಪ್ಪಿದ್ರೆ ಮುಂದೆ ನಮ್ಮನ್ನ ಕರೆಯೋರೇ ಇರಲ್ಲ.”

“ಹೋಗ್ಬೇಡಿ ರೀ. ಮಗು ಮುಖ ನೋಡಿ.”

“ಇದಕ್ಕಿಂತ ಕೆಟ್ಟಿರೋ ಗಾಡಿ ಅಪ್ಪ ಓಡ್ಸಿಲ್ವಾ? ಅಪ್ಪನ್ನೇ ಕೇಳು.”

ಮಾವನ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ‘ಹೋಗಲಿ ಬಿಡು’ ಎಂದೇ ಅನ್ನುತ್ತಾರೆ ಎನಿಸಿತು. ಅವರು ಲಾರಿಯ ಕೆಳಗೆ ತೂರಿ ರೇಡಿಯೇಟರಿನ ನಲ್ಲಿ ತಿರುಗಿಸಿದರು. ತುಕ್ಕುಬಣ್ಣದ ನೀರು ಗಳಗಳನೆ ಸುರಿದು ನನ್ನ ಚಪ್ಪಲಿಯವರೆಗೂ ಹರಿಯಿತು.

“ಅಪ್ಪಾ, ಏನ್ ಮಾಡ್ತಿದೀಯ? ನೀರು ಖಾಲಿ ಮಾಡಿ ಹೆಡ್ ಬಿಚ್ಚಿದ್ರೆ ಗಾಡಿ ಅಲ್ಲಾಡಲ್ಲ!”

“ಗೊತ್ತು. ದೊಡ್ಡ ಪಾನಾ ಕೊಡು.”

ಇವರು ಕೊಡಲಿಲ್ಲ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ನಾನೇ ಬಗ್ಗಿದೆ. ಯಾವುದು ಎಂದು ತಿಳಿಯದೆ, ಕೈಗೆ ಸಿಕ್ಕಿದ್ದನ್ನೆಲ್ಲ ಕೊಟ್ಟೆ. ಮಾವ ಹೊರಗೆ ಬಂದು, ಅದರಲ್ಲೊಂದನ್ನು ಆರಿಸಿ ಹೆಡ್ಡಿನ ಬೋಲ್ಟಿಗೆ ಹಾಕಿದರು.

ಹೆಡ್ಡಿನ ಮೊದಲ ಬೋಲ್ಟು ಸಡಿಲವಾದಾಗ ಇವರು ಫೋನ್ ಹಿಡಿದು ಬೀದಿಯ ತುದಿಗೆ ಹೋದರು. ಲೋಡಿನವರಿಗೆ ಏನು ಹೇಳಿದರೋ, ಕೇಳಿಸಲಿಲ್ಲ.